ಗೊತ್ತಾಗಬೇಕಿದ್ದ ದಿನ

ಎರಡು ವರ್ಷ. ಕಾನೂನು ಕೊಡುವುದು ಅಷ್ಟೇ.
ಗಾಯವಾದ ದಿನದಿಂದ,
ಇಲ್ಲವೇ ಗೊತ್ತಾದ ದಿನದಿಂದ,
ಇಲ್ಲವೇ, ಇಲ್ಲಿ ಅಕ್ಷರ ತುಸು ಸಣ್ಣದಾಗುತ್ತದೆ,
ಗೊತ್ತಾಗಬೇಕಿದ್ದ ದಿನದಿಂದ.

ನಾನು ವಕೀಲೆಯಲ್ಲ. ವೆಸ್ಟ್ ವರ್ಜೀನಿಯಾದ ಕಣಿವೆಯೊಂದರಲ್ಲಿ
ಕೌಂಟಿ ಕೋರ್ಟಿನ ಕಿಟಕಿಯ ಹಿಂದೆ ಕೂತು
ಹತ್ತೊಂಬತ್ತು ವರ್ಷದಿಂದ ಮೊಹರು ಒತ್ತುತ್ತೇನೆ.
ಯಂತ್ರಕ್ಕೆ ಹಲ್ಲಿದೆ. ಕಾಗದ ಕೊಟ್ಟರೆ
ಕಟಕ್ಕನೆ ಕಚ್ಚಿ ಗಂಟೆ ನಿಮಿಷ ಉಗುಳುತ್ತದೆ.
‘ಇಲ್ಲಿ ಸಲಹೆ ಕೊಡುವುದಿಲ್ಲ’ ಎಂಬ ಫಲಕ ತಲೆಯ ಮೇಲೆ.
ಬಂದವರು ಅದನ್ನು ಪೂರ್ತಿ ಓದಿ
ಆಮೇಲೆ ನನ್ನನ್ನೇ ಕೇಳುತ್ತಾರೆ.

ಶುಕ್ರವಾರ, ಐದಕ್ಕೆ ಇಪ್ಪತ್ತು ನಿಮಿಷವಿರುವಾಗ
ಡೆಲ್ಫಾ ರಾಸ್ನೇಕ್ ಬಂದಳು, ಹಿಮ ಮೆತ್ತಿದ ಬೂಟು,
ಕಂಕುಳಲ್ಲಿ ಬಿಸ್ಕತ್ತಿನ ನೀಲಿ ಡಬ್ಬ.
ಮುಚ್ಚಳ ತೆಗೆದರೆ ಕಿತ್ತಳೆ ಬಣ್ಣದ ಬಾಟಲಿಗಳು,
ನಲವತ್ತೊಂದು, ಎಲ್ಲ ಖಾಲಿ,
ಎಲ್ಲದರ ಮೇಲೂ ಗಂಡನ ಹೆಸರು: ಹೋಬರ್ಟ್ ಟಿ. ರಾಸ್ನೇಕ್.
ನೋವಿದ್ದಾಗ ಒಂದು.
ಆಮೇಲೆ ದಿನಕ್ಕೆ ಎರಡು.
ಆಮೇಲೆ, ನೋವಿರಲಿ ಬಿಡಲಿ, ನಾಲ್ಕು.

“ಇದರಲ್ಲಿ ಯಾವುದರಿಂದ ಎಣಿಸಬೇಕು?”

ನಾನು ಫಲಕದ ಕಡೆ ನೋಡಿದೆ.

ಗಣಿಯ ಚಾವಣಿಗೆ ಬೋಲ್ಟು ಬಿಗಿಯುವವನ ಬೆನ್ನು.
ಬಂಡೆ ಜಾರಿದ್ದು ಒಂದು ಮಾರ್ಚ್ ತಿಂಗಳು.
ಡಾಕ್ಟರ ಕ್ಲಿನಿಕ್ಕು ಮೊದಲು ಟೈರಿನಂಗಡಿ;
ಬೆಳಗಿನ ಆರಕ್ಕೇ ಸಾಲು, ನಗದು ಮಾತ್ರ,
ಮೂರು ನಿಮಿಷ, ಮುಟ್ಟದೆ ನೋಡಿದ ಬೆನ್ನು.
ಅಂದಿನಿಂದಲೇ?
ಅಥವಾ ಅವನು ಟ್ರಕ್ಕು ಮಾರಿದ ದಿನದಿಂದಲೇ?
ಮಗಳ ಕ್ಲಾರಿನೆಟ್ ಮಾರಿ, ಕಳ್ಳರು ಬಂದಿದ್ದರು ಎಂದು
ತಾನೇ ಕಿಟಕಿಯ ಗಾಜು ಒಡೆದ ದಿನ?
ಚೂರುಗಳು ಬಿದ್ದದ್ದು ಅಂಗಳಕ್ಕೆ, ಒಳಗಲ್ಲ.
ಗುಡಿಸಿದವಳು ಅವಳೇ.
ಗೊತ್ತಾಗಬೇಕಿತ್ತಲ್ಲ?

ಗೊತ್ತಿಲ್ಲದೆ ಇರುವುದೂ ಒಂದು ಮನೆಗೆಲಸ.
ದಿನಾ ಮಾಡಬೇಕು,
ಮಾಡಿದ್ದು ಯಾರಿಗೂ ಕಾಣುವುದಿಲ್ಲ.

ಫೆಬ್ರವರಿಯ ಒಂದು ಬೆಳಗ್ಗೆ ಬಚ್ಚಲಲ್ಲಿ ನಲ್ಲಿ ಹರಿಯುತ್ತಲೇ ಇತ್ತು.
“ನೀರಿನ ಬಿಲ್ಲಿಗೆ ಬೈಕೊಂಡೇ ಬಾಗಿಲು ತಳ್ಳಿದೆ,” ಎಂದಳು.
ಚರ್ಚಿನಲ್ಲಿ ಹೃದಯ ಎಂದರು. ಅವಳೂ ಹೃದಯ ಎಂದಳು.
ಶವಪರೀಕ್ಷೆಯ ಲಕೋಟೆ ಬಂದದ್ದು ಹನ್ನೊಂದು ವಾರಕ್ಕೆ,
ಒಡೆದದ್ದು ಮುಂದಿನ ಚಳಿಗಾಲಕ್ಕೆ,
ನಡುವೆ ಅದು ಬ್ರೆಡ್ಡಿನ ಪೆಟ್ಟಿಗೆಯ ಕೆಳಗಿತ್ತು.

ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ.
ಸರಿ, ಬುದ್ಧಿ ಬಂದ ತಾರೀಕು ಯಾವುದು?
ಕೋರ್ಟು ಕೇಳುವುದು ಅದನ್ನೇ.

ಡಾಕ್ಟರು ತಪ್ಪಿದ್ದಾನೆಂದು ಇನ್ನೊಬ್ಬ ಡಾಕ್ಟರು ಸಹಿ ಹಾಕಬೇಕು.
ಆ ಸಹಿಗೆ ಮೂರು ಸಾವಿರ ಕೇಳಿದರಂತೆ.
ದಿನ ಕಮ್ಮಿ ಇದೆಯಮ್ಮ ಎಂದು
ಮೂವರು ವಕೀಲರು ಫೋನಿಟ್ಟರಂತೆ.
ದೂರನ್ನು ಅವಳೇ ಬರೆದು ತಂದಿದ್ದಳು, ಗೆರೆ ಹಾಳೆಯಲ್ಲಿ,
ಮಗಳ ಶಾಲೆಯ ಪುಸ್ತಕದಿಂದ ಹರಿದದ್ದು.

ಲೇಬಲ್ಲಿನ ಡಾಕ್ಟರ ಹೆಸರು ನನಗೆ ಹೊಸದಲ್ಲ.
ನನ್ನ ತಮ್ಮ ಲೋವೆಲ್‌ನ ಗಡುವು ಮುಗಿದದ್ದು ಒಂದು ಗುರುವಾರ.
ಅಂದು ಇದೇ ಕಿಟಕಿಯಲ್ಲಿ
ಹದಿನಾಲ್ಕು ಕಾಗದಕ್ಕೆ ಮೊಹರು ಒತ್ತಿದ್ದೆ.
ದಿನಾಂಕವನ್ನು ಹದಿನಾಲ್ಕು ಸಲ ನೋಡಿದ್ದೆ.
ನನಗೂ ಗೊತ್ತಾಗಬೇಕಿತ್ತು.

“ಸೋಮವಾರ ಬರಲಾ?”
ಫಲಕ ನನ್ನ ಬೆನ್ನಿಗೇ ಇತ್ತು.
“ಬೇಡ. ಕೊಡಿ,” ಎಂದೆ.
ಯಂತ್ರ ಕಚ್ಚಿತು: ನಾಲ್ಕು ಐವತ್ತಮೂರು.
ನಿಲ್ಲುತ್ತದೋ ಬೀಳುತ್ತದೋ, ಅದು ಮೇಲಿನ ಮಹಡಿಯ ಮಾತು.

ಅವಳು ಬಾಟಲಿಗಳನ್ನು ಒಂದೊಂದಾಗಿ ಎಣಿಸಿ
ಡಬ್ಬಕ್ಕೆ ತುಂಬಿಕೊಂಡು ಹೋದಳು.
ಒಂದು ಬಿಳಿ ಮುಚ್ಚಳ ಮೇಜಿನಲ್ಲೇ ಉಳಿಯಿತು,
ಮಕ್ಕಳ ಕೈಗೆ ಬಗ್ಗದ ಬಗೆಯದು.
ಅದರ ಮೇಲೆ ಕೊರೆದಿದೆ: ಒತ್ತಿ, ತಿರುಗಿಸಿ.

ಐದಾಗುವವರೆಗೆ
ಬರಿಯ ಮೇಜಿನ ಮೇಲೆ
ಅದನ್ನೇ ಒತ್ತಿ ತಿರುಗಿಸುತ್ತ ಕೂತಿದ್ದೆ.